ಎರಡು ಪಾಳಿಗೆ ಒಂದೇ ಫೋಲ್ಡರ್

ಜುಬೈಲಿನ ಈ ಪೋರ್ಟಾ ಕ್ಯಾಬಿನ್ನಿನಲ್ಲಿ
ಕುರ್ಚಿ ಒಂದು, ಕಂಪ್ಯೂಟರ್ ಒಂದು, ಕೂರುವವರು ಇಬ್ಬರು.
ಹಗಲಿಗೆ ಸುಡಾನಿನ ಇಮಾದುದ್ದೀನ್, ರಾತ್ರಿಗೆ ನಾನು.
ಸಂಜೆ ಆರಕ್ಕೆ ನಾನು ಬಸ್ಸಿಳಿಯುವಾಗ
ಅವನು ಎದುರು ಬಸ್ಸಿನ ಕಿಟಕಿಯಲ್ಲಿ ಬರೀ ಒಂದು ಮೊಣಕೈ.
ಕುರ್ಚಿ ಮಾತ್ರ ಇನ್ನೂ ಬೆಚ್ಚಗಿರುತ್ತದೆ.

ಪ್ಲಾಂಟಿನ ಶಟ್‌ಡೌನು, ನಲವತ್ತು ದಿನ.
ಸಾವಿರದ ಇನ್ನೂರು ಗೇಟ್ ಪಾಸಿನ ಫೋಟೋ ಒಂದೇ ಫೋಲ್ಡರಿನಲ್ಲಿ.
ಅವನು ಅದನ್ನು ಪಟ್ಟಿ ಮಾಡಿಟ್ಟು ಹೋಗುತ್ತಾನೆ:
ಹೆಸರು, ತಾರೀಕು, ಎಷ್ಟು ಕೆಬಿ.
ಅರಬಿ ವಿಂಡೋಸು, ಎಲ್ಲ ಬಲದಿಂದ ಎಡಕ್ಕೆ.
ಉಪ್ಪನ್ನು ಎಲೆಯ ಬಲತುದಿಗೆ ಬಡಿಸಿದ ಹಾಗೆ
ಮೊದಲ ತುತ್ತಿಗೇ ನನ್ನ ಕೈ ತಡವರಿಸುತ್ತದೆ.

ಮೆನು ಓದಲು ಬಾರದು. ಬೆರಳಿಗೆ ಗೊತ್ತು:
ಮೇಲಿಂದ ಮೊದಲನೆಯದು, ಅದರೊಳಗೂ ಮೊದಲನೆಯದು,
ಅತಿ ದೊಡ್ಡ ಚಿತ್ರ.
ಪರದೆ ಒಂದು ಗಳಿಗೆ ಬಿಳಿಚಿಕೊಂಡು
ಆಮೇಲೆ ಒಬ್ಬೊಬ್ಬರೇ ಬರುತ್ತಾರೆ.
ಎಲ್ಲರ ಬೆನ್ನಿಗೂ ಅದೇ ನೀಲಿ ಬಟ್ಟೆ,
ಎಲ್ಲರ ಕೊರಳಿಗೂ ಅದೇ ಟೈ,
ಸ್ಟುಡಿಯೋದವನ ಮೊಳೆಗೆ ತೂಗುವ, ಗಂಟು ಬಿಚ್ಚದ ಟೈ.
ಬೈಂದೂರಿನ ಫಿಟ್ಟರ್ ಅಣ್ಣಪ್ಪ ಖಾರ್ವಿ
ಈಗ ಮುಳುಗಿ ಬಲೆ ಬಿಡಿಸುವವನ ಹಾಗೆ ಉಸಿರು ಕಟ್ಟಿದ್ದಾನೆ.

ಮುಖ ಯಾಕೆ ಬೇಕು ಅಂದರೆ,
ಹೆಸರಿನ ಪ್ರಕಾರ ಜೋಡಿಸಿದರೆ
ಮೊಹಮ್ಮದರೇ ನೂರ ಆರು ಮಂದಿ,
ಒಂದು ಎಮ್ಮಿನವರು, ಎರಡು ಎಮ್ಮಿನವರು, ಓ ಇದ್ದವರು, ಯೂ ಇದ್ದವರು;
ನಡುವೆ ಒಬ್ಬ ಮೋಹನ ಸಿಕ್ಕಿಹಾಕಿಕೊಂಡಿದ್ದಾನೆ.
ಗಾತ್ರದ ಪ್ರಕಾರ ಜೋಡಿಸಿದರೆ
ಎಲ್ಲರಿಗಿಂತ ದೊಡ್ಡವನು ಚಹಾ ತರುವ ರಾಮ್‌ದರಶ್,
ಒಳ್ಳೆ ಫೋನಿನಲ್ಲಿ ತೆಗೆದದ್ದು, ಆರು ಎಂಬಿ.
ಎಲ್ಲರಿಗಿಂತ ಹಗುರ ನಮ್ಮ ಮ್ಯಾನೇಜರು.
ಇದನ್ನು ನಾನು ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಅವನದು ಮತ್ತೆ ಪಟ್ಟಿ.
ಸಂಜೆ ನನ್ನದು ಮತ್ತೆ ಮುಖ.
ಒಮ್ಮೆ ಸಿಟ್ಟಿನಲ್ಲಿ ಏನೋ ಒತ್ತಿದೆ,
ಎಲ್ಲ ಫೋಲ್ಡರಿಗೂ ಅನ್ವಯವಾಗಿಬಿಟ್ಟಿತು.
ಮರುದಿನ ಅವನ ಎಕ್ಸೆಲ್ಲುಗಳೆಲ್ಲ
ಹಸಿರು ಬಾಗಿಲುಗಳಾಗಿ ಎದುರು ನಿಂತವಂತೆ.
ಕೀಬೋರ್ಡಿನ ಕೆಳಗೆ ಚೀಟಿ: "ಬ್ರದರ್, ಪ್ಲೀಸ್",
ಪ್ಲೀಸಿಗೆ ಮೂರು ಉದ್ಗಾರ ಚಿಹ್ನೆ.
ಚೀಟಿಯ ಜಾಗದಲ್ಲಿ ಊರಿಂದ ಬಂದ
ನೆಲಗಡಲೆ ಚಿಕ್ಕಿ ಎರಡು ಇಟ್ಟು ಬಂದೆ.

ಮೊನ್ನೆ ಮಂಗಳವಾರ
ನಾನು ಬಂದಾಗಲೇ ಪರದೆಯ ತುಂಬ ಮುಖ.
ಗೇಟಿನ ಖಡ್ಕಾ ಹೇಳಿದ:
ಹನ್ನೊಂದರ ಹೊತ್ತಿಗೆ ಒಬ್ಬ ಬಿಸಿಲಿಗೆ ಬಿದ್ದನಂತೆ,
ಎದೆಯ ಪಾಸು ಎಲ್ಲೋ ಕಳಚಿ ಹೋಗಿತ್ತಂತೆ,
ಕೇಳಿದರೆ ನಾಲಿಗೆ ಹೊರಳದು,
ಜೊತೆಯವರು ನಿನ್ನೆ ಬಂದವರು, ಹೆಸರು ಅರಿಯರು.
ಆಸ್ಪತ್ರೆಗೆ ಹೆಸರು ಬೇಕು, ನಂಬರು ಬೇಕು.
ಯಾರೋ ಫೋನಿಗೆ ಕಳಿಸಿದ ಮುಖ ಹಿಡಿದುಕೊಂಡು
ಇಮಾದುದ್ದೀನ್ ಪಟ್ಟಿ ಮಡಚಿಟ್ಟು
ಸಾಲು ಸಾಲಾಗಿ ಇಳಿಯುತ್ತ ಹೋದನಂತೆ,
ಇಪ್ಪತ್ತು ನಿಮಿಷ, ಚಹಾ ಮುಟ್ಟದೆ.

ಯಾರು ಬಿದ್ದದ್ದು? ಖಡ್ಕಾನಿಗೆ ಗೊತ್ತಿಲ್ಲ.
ನಾನು ಕೂತು, ಮೊದಲ ಸಲ, ನನ್ನ ಕೈಯಾರೆ
ಮುಖಗಳನ್ನೆಲ್ಲ ಪಟ್ಟಿಗೆ ಇಳಿಸಿದೆ,
ಬಲದಿಂದ ಎಡಕ್ಕೆ.
ತಾರೀಕಿದ್ದ ಕಂಬದ ತಲೆ ಒತ್ತಿದೆ.
ಎಲ್ಲರಿಗಿಂತ ಮೇಲೆ ಬಂತು ಒಂದು ಸಾಲು:
ತಫಜ್ಜುಲ್ ಶೇಖ್, ಹೆಲ್ಪರ್, ಹನ್ನೊಂದು ನಲವತ್ತೊಂದು.
ತೆರೆದೆ. ಮೂಲೆಯಲ್ಲಿ ಕೆಂಪಕ್ಷರ, 'ಆಸ್ಪತ್ರೆ'.
ಅವನು ಕಣ್ಣು ಮುಚ್ಚಿದ್ದ.
ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು,
ಇದು ಇವತ್ತಿನದಲ್ಲ, ತಿಂಗಳ ಹಿಂದಿನದು,
ಫ್ಲಾಶಿಗೆ ರೆಪ್ಪೆ ಬಡಿದದ್ದು.
ಆ ರಾತ್ರಿ ಪಟ್ಟಿಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ.

ಭಾನುವಾರ ರಾತ್ರಿ ಬಂದ ತಫಜ್ಜುಲ್,
ಮುಂಗೈಗೆ ಇನ್ನೂ ಹತ್ತಿ ಅಂಟಿಸಿಕೊಂಡು.
ಪಾಸು ಹೊಸದಾದರೆ ಫೋಟೋನೂ ಹೊಸದು ಬೇಕು,
ಇದರಲ್ಲಿ ಹೆಣದ ಹಾಗಿದ್ದೇನೆ ಎಂದು ಹಠ.
ಟೈ ಇಲ್ಲ ಎಂದೆ. ಬೇಡ ಎಂದ.
ಕ್ಯಾಬಿನ್ನಿನ ಬಿಳಿ ಗೋಡೆಗೆ ಒರಗಿ
ಕಣ್ಣು ಎಷ್ಟು ಅಗಲಿಸಿದನೆಂದರೆ
ನನಗೇ ನಗು ಬಂದು ಮೊದಲನೆಯದು ಅಲುಗಿಹೋಯಿತು.
ಎರಡನೆಯದನ್ನು ಫೋಲ್ಡರಿಗೆ ಹಾಕಿದೆ.
ಕಂಪ್ಯೂಟರು ಅರಬಿಯಲ್ಲಿ ಏನೋ ಕೇಳಿತು,
ಇದೇ ಹೆಸರಿನವನು ಆಗಲೇ ಇದ್ದಾನೆ,
ಬದಲಿಸಲೇ ಎಂದಿರಬೇಕು.
ಬಲತುದಿಯ ಗುಂಡಿ ಒತ್ತಿದೆ.